ಅಪರೂಪದ ಕಾರು ಕೊಳ್ಳುವವರು ಹಣ ಕೊಡಬೇಕಾದದ್ದು ಯಾವುದಕ್ಕೆ?

ಹಳೆಯ ಕಾರಿನ ಜಾಹೀರಾತಿನಲ್ಲಿ ‘ಅಪರೂಪದ್ದು’ ಎಂಬ ಒಂದು ಮಾತು ಸೇರಿದರೆ ಸಾಕು, ಅದೇ ವಯಸ್ಸಿನ, ಅಷ್ಟೇ ಓಡಿದ ಬೇರೆ ಕಾರಿಗಿಂತ ಲಕ್ಷ, ಎರಡು ಲಕ್ಷ ಹೆಚ್ಚು ಕೇಳುವುದು ಪುಣೆ, ಮುಂಬೈ ಮಾರುಕಟ್ಟೆಯಲ್ಲಿ ರೂಢಿಯಾಗಿಬಿಟ್ಟಿದೆ. ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರೊಂದು ವಿರಳವಾಗಿದ್ದರೆ ಅದಕ್ಕೆ ಬಹುಪಾಲು ಕಾರಣ, ಹೊಸದಾಗಿದ್ದಾಗ ಅದನ್ನು ಕೇಳುವವರೇ ಇಲ್ಲದೆ ಹೋದದ್ದು. ಕೇಳುವವರಿಲ್ಲದ ಕಾರಿಗೆ ಮುಂದೆ ಬಿಡಿಭಾಗ ಸಿಗುವುದಿಲ್ಲ, ಅದರ ಒಳಗನ್ನು ಬಲ್ಲ ಮೇಸ್ತ್ರಿ ಸಿಗುವುದಿಲ್ಲ, ಮಾರಲು ಹೊರಟಾಗ ಗಿರಾಕಿಯೂ ಸಿಗುವುದಿಲ್ಲ. ನ್ಯಾಯವಾಗಿ ನೋಡಿದರೆ ವಿರಳತೆಯ ಕಾರಣಕ್ಕೆ ಬೆಲೆ ಇಳಿಯಬೇಕು. ಕೊಳ್ಳುವವನು ಕೈಬಿಚ್ಚಿ ಹಣ ಕೊಡಬೇಕಾದದ್ದು, ಆ ವಿರಳ ಕಾರಿನೊಳಗೆ ಎಲ್ಲ ಗ್ಯಾರೇಜಿಗೂ ಗೊತ್ತಿರುವ ಸಾಧಾರಣ ಭಾಗಗಳು ಎಷ್ಟಿವೆ ಎಂಬುದಕ್ಕೆ ಮಾತ್ರ.

ಹುಬ್ಬಳ್ಳಿಯಿಂದ ಬಂದು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿ, ಚಾಕಣದ ಬಿಡಿಭಾಗ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ದುಡಿಯುತ್ತಿರುವುದರಿಂದ ನನಗೆ ಈ ದೃಷ್ಟಿ ಬಂದಿರಬಹುದು. ಒಂದು ಭಾಗದ ಸಂಖ್ಯೆ ಎಷ್ಟು ಮಾದರಿಗಳಲ್ಲಿ ಬಳಕೆಯಾಗುತ್ತದೆ ಎಂಬುದರ ಮೇಲೆ ಅದು ಇನ್ನೆಷ್ಟು ವರ್ಷ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ನಿಂತಿರುತ್ತದೆ. ಕಾರಿನ ಅಂದಚೆಂದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಓಡಿಸಲು ಖುಷಿ ಕೊಡುವ, ಆದರೆ ಮನೆಯವರ ನಿದ್ದೆ ಕೆಡಿಸದ ಕಾರೊಂದನ್ನು ಹುಡುಕಲು ಹೊರಟಾಗ ನಾನು ಮೊದಲು ನೋಡಿದ್ದು ಚಿತ್ರಗಳನ್ನಲ್ಲ, ಬಿಡಿಭಾಗಗಳ ಪಟ್ಟಿಯನ್ನು.

ಆಗ ನನ್ನ ಕಣ್ಣಿಗೆ ಬಿದ್ದ ಕಾರುಗಳಲ್ಲಿ ಹೆಚ್ಚು ಪಾಠ ಹೇಳಿದ್ದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ. 2016ರ ಕೊನೆಯಲ್ಲಿ ಭಾರತಕ್ಕೆಂದು ತೆಗೆದಿರಿಸಿದ್ದು 99 ಕಾರು, ಬೆಲೆ 25.99 ಲಕ್ಷ, ಆ ಹಣಕ್ಕೆ ಪೋಲೊ ಏಕೆ ಎಂದು ಜನ ಹಿಂದೆ ಸರಿದಾಗ ಕಂಪನಿಯೇ ಬೆಲೆಯನ್ನು ಲಕ್ಷಗಟ್ಟಲೆ ಇಳಿಸಬೇಕಾಯಿತು. ಅದೇ ಕಾರನ್ನು ಈಗ ಮಾರುವವರು ‘99ರಲ್ಲಿ ಒಂದು’ ಎಂದು ಕೊರಳುಬ್ಬಿಸಿ ಹೇಳುತ್ತಾರೆ. ಇದರ 1.8 ಲೀಟರ್ ಟರ್ಬೊ ಎಂಜಿನ್ನಿನ ಬಂಧುಗಳು ಸ್ಕೋಡಾ ಆಕ್ಟೇವಿಯಾದಲ್ಲಿ ಬೇಕಾದಷ್ಟು ಓಡಾಡಿವೆ, ಏಳು ಗೇರಿನ ಡಿಎಸ್‌ಜಿ ಎಂಬ ಸ್ವಯಂಚಾಲಿತ ಪೆಟ್ಟಿಗೆಯ ಕಾಯಿಲೆಗಳನ್ನು ಪುಣೆಯ ಗ್ಯಾರೇಜುಗಳು ಚೆನ್ನಾಗಿಯೇ ಬಲ್ಲವು, ಆದ್ದರಿಂದ ಯಂತ್ರದ ಬಗ್ಗೆ ನನಗೆ ಹೆದರಿಕೆಯಿರಲಿಲ್ಲ. ಹೆದರಿಕೆಯಿದ್ದದ್ದು ಬಾಗಿಲಿನ ಬಗ್ಗೆ. ಚಾಕಣದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ 2022ರವರೆಗೆ ತಯಾರಾದ ಪೋಲೊ ಐದು ಬಾಗಿಲಿನದು. ಹಡಗಿನಲ್ಲಿ ಬಂದ ಜಿಟಿಐ ಮೂರು ಬಾಗಿಲಿನದು. ಕಾರ್ಖಾನೆಯ ಗೇಟಿನ ಮುಂದೆಯೇ ಯಾರಾದರೂ ಸ್ಕೂಟರಿನಿಂದ ಬಾಗಿಲಿಗೆ ಗುದ್ದಿದರೂ, ಆ ಉದ್ದನೆಯ ಬಾಗಿಲು, ಅದರ ಗಾಜು, ಹಿಂಬದಿಯ ಪಕ್ಕದ ಗಾಜು ಯಾವುದೂ ಆ ಗೇಟಿನೊಳಗೆ ಸಿಗುವುದಿಲ್ಲ. ಮೆಚ್ಚಿದ ಕಾರನ್ನು ಬಿಟ್ಟದ್ದು ಒಂದು ಬಾಗಿಲಿಗಾಗಿ ಎಂದರೆ ಗೆಳೆಯರು ನಗುತ್ತಾರೆ, ನಗಲಿ.

ನಮ್ಮವರಿಗೆ ಸ್ಯಾನ್ ಸ್ಟಾರ್ಮ್ ಮೇಲೆ ಒಂದು ಮಮತೆಯಿದೆ, ಏಕೆಂದರೆ ಅದನ್ನು ಹೊರತಂದದ್ದು ಬೆಂಗಳೂರಿನ ಸ್ಯಾನ್ ಮೋಟರ್ಸ್. 1990ರ ದಶಕದ ಕೊನೆಯಲ್ಲಿ ಬಂದ ಈ ಎರಡು ಆಸನದ ತೆರೆದ ಕಾರಿನ ಮೈ ಫೈಬರ್ ಗ್ಲಾಸಿನದು, ಎಂಜಿನ್ ರೆನೋ ಕಂಪನಿಯ 1149 ಸಿಸಿಯದು, ಶಕ್ತಿ 60 ಅಶ್ವಶಕ್ತಿಯ ಆಸುಪಾಸು. ವಿಚಿತ್ರವೆಂದರೆ ಇದರ ಮೈಯನ್ನು ಗೋವಾದಲ್ಲಿ ದೋಣಿ ರಿಪೇರಿ ಮಾಡುವ ಯಾರು ಬೇಕಾದರೂ ಸರಿಮಾಡಿಯಾರು, ಎಂಜಿನ್ನನ್ನು ಮಾತ್ರ ಯಾರೂ ಮುಟ್ಟಲಾರರು. ಈ ಕಾರು ಬಂದಾಗ ರೆನೋ ಇಲ್ಲಿ ಕಾರು ಮಾರುತ್ತಲೇ ಇರಲಿಲ್ಲ, ಮಹೀಂದ್ರ ಜೊತೆಗೂಡಿ ಲೋಗನ್ ತಂದದ್ದು 2007ರಲ್ಲಿ. ನಿಸ್ಸಾನ್ 370ಝಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ: 3.7 ಲೀಟರಿನ ಆರು ಸಿಲಿಂಡರು, ಅದ್ಭುತ ಸದ್ದು, ಬಂಧುಬಳಗವೇ ಇಲ್ಲದ ಯಂತ್ರ. ಡಿಸಿ ಅವಂತಿ ಒಳಗೂ ರೆನೋದ ಟರ್ಬೊ ಎಂಜಿನ್ ಇರುವುದರಿಂದ ಅದೇ ಮಾತು ಅದಕ್ಕೂ ಅನ್ವಯಿಸುತ್ತದೆ. ಜೊತೆಗೆ 2020ರ ಡಿಸೆಂಬರಿನಲ್ಲಿ ಮುಂಬೈ ಪೊಲೀಸರು, ಒಂದೇ ಎಂಜಿನ್ ಮತ್ತು ಷಾಸಿ ಸಂಖ್ಯೆಯ ಕಾರು ಒಂದಕ್ಕಿಂತ ಹೆಚ್ಚು ಕಡೆ ನೋಂದಣಿಯಾಗಿದೆ ಎಂಬ ಆರೋಪದ ತನಿಖೆಯಲ್ಲಿ ಕಂಪನಿಯ ಸ್ಥಾಪಕರನ್ನು ಬಂಧಿಸಿದ್ದರು. ಆರೋಪ ಆರೋಪವೇ, ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ. ಆದರೂ ಆ ಸುದ್ದಿ ಓದಿದ ಮೇಲೆ ಯಾವ ಕಾರು ನೋಡಲು ಹೋದರೂ ಮೊದಲು ಬಾನೆಟ್ ಎತ್ತಿಸಿ ಷಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೊಂದಿಸಿ ನೋಡುವುದು ನನಗೆ ಅಭ್ಯಾಸವಾಯಿತು.

ಕೊನೆಗೆ ಕೊಂಡದ್ದು ಫಿಯಟ್ ಅಬಾರ್ತ್ ಪುಂಟೊ. ಅದು ಸ್ಪೋರ್ಟ್ಸ್ ಕಾರೇ ಅಲ್ಲ, ಐದು ಬಾಗಿಲಿನ ಹ್ಯಾಚ್‌ಬ್ಯಾಕ್ ಎಂದು ಮಡಿವಂತರು ಹೇಳುತ್ತಾರೆ. ಖಂಬಾಟ್ಕಿ ಘಾಟಿನಲ್ಲಿ ಮೂರನೇ ಗೇರಿನಲ್ಲಿ ಅದರ ಟರ್ಬೊ ಎದ್ದು ನಿಲ್ಲುವುದನ್ನು ಅನುಭವಿಸಿದವರೊಂದಿಗೆ ಮಾತ್ರ ಈ ಚರ್ಚೆ ಮಾಡುತ್ತೇನೆ. 2015ರ ಅಕ್ಟೋಬರಿನಲ್ಲಿ, ದೆಹಲಿಯ ಎಕ್ಸ್-ಷೋರೂಮ್ ಲೆಕ್ಕದಲ್ಲಿ 9.95 ಲಕ್ಷಕ್ಕೆ ಬಂದ ಈ ಕಾರಿನಲ್ಲಿ 1.4 ಲೀಟರಿನ ಟಿ-ಜೆಟ್ ಎಂಜಿನ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರಿನ ಮ್ಯಾನುಯಲ್ ಪೆಟ್ಟಿಗೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದವು. ಹತ್ತು ಲಕ್ಷದೊಳಗೆ ಅಂದು ಇಷ್ಟು ಶಕ್ತಿ ಕೊಡುವ ಇನ್ನೊಂದು ಹ್ಯಾಚ್‌ಬ್ಯಾಕ್ ಇರಲಿಲ್ಲ. ಆದರೂ ಅದು ಹೆಚ್ಚು ಮಾರಾಟವಾಗಲಿಲ್ಲ. ಫಿಯಟ್ ಸರ್ವೀಸಿನ ಬಗ್ಗೆ ಜನರಿಗೆ ಭರವಸೆಯಿರಲಿಲ್ಲ, ಮೈಲೇಜು ಕೇಳುವ ನಮ್ಮ ಮಂದಿಗೆ ಅದರ ಉತ್ತರ ಹಿಡಿಸಲಿಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಜಾರಿಯಾಗುವ ಹೊತ್ತಿಗೆ ಫಿಯಟ್ ಕಾರುಗಳು ಇಲ್ಲಿಯ ಮಾರುಕಟ್ಟೆಯಿಂದ ಮರೆಯಾಗಿದ್ದವು.

ಹೀಗೆ ಹೊರಗಿನಿಂದ ಅಪರೂಪವಾದ ಈ ಕಾರಿನ ಒಳಗು ಆಶ್ಚರ್ಯವಾಗುವಷ್ಟು ಪರಿಚಿತವಾದದ್ದು. ಮೈ, ಬಾಗಿಲು, ಗಾಜು, ದೀಪ ಎಲ್ಲವೂ ಸಾಧಾರಣ ಪುಂಟೊದವು, ಮತ್ತು ಆ ಪುಂಟೊ ತಯಾರಾದದ್ದು ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ, ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು ರಾಂಜಣಗಾವ್‌ನಲ್ಲಿ. ಟಿ-ಜೆಟ್ ಎಂಜಿನ್ನು 2010ರಿಂದ ಲೀನಿಯಾ ಸೆಡಾನಿನಲ್ಲಿಯೂ ಇತ್ತು, ಶಕ್ತಿ ಮಾತ್ರ ಸ್ವಲ್ಪ ಕಡಿಮೆ. ಅದು ಹುಟ್ಟಿದ ‘ಫೈರ್’ ಕುಟುಂಬದ ಎಂಜಿನ್ನುಗಳನ್ನು ನಮ್ಮ ಮೇಸ್ತ್ರಿಗಳು ಪಾಲಿಯೊ ಕಾಲದಿಂದಲೂ ಬಿಚ್ಚಿ ಜೋಡಿಸಿದ್ದಾರೆ. ಇದು ಇಟಲಿಯ ಜರಿಯಂಚು ಹೊದಿಸಿದ ಇಳಕಲ್ ಸೀರೆ; ಹರಿದರೆ ಹೊಲಿದುಕೊಡುವವರು ಊರಿನಲ್ಲಿಯೇ ಇದ್ದಾರೆ.

ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಸಾಧ್ಯವಾದರೆ ಘಟ್ಟದ ಮೇಲೆ. ಮುಂಬೈಯಲ್ಲಿ ಆಯ್ಕೆ ಹೆಚ್ಚು, ಓಡಿದ್ದು ಕಡಿಮೆ. ಆದರೆ ಕಡಲಿನ ಉಪ್ಪುಗಾಳಿ ಮತ್ತು ಮಳೆನೀರು ಎರಡೂ ಕಾರಿನ ವೈರಿಗಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನವನ್ನು ಅಲ್ಲಿಯ ನಮ್ಮ ಹೊಟೇಲಿನವರು ಇಂದಿಗೂ ಹೇಳುತ್ತಾರೆ. ಅಷ್ಟಲ್ಲದಿದ್ದರೂ ನೆಲಮಾಳಿಗೆಯ ಪಾರ್ಕಿಂಗಿಗೆ ನೀರು ನುಗ್ಗುವ ದಿನಗಳು ಆಮೇಲೆಯೂ ಎಷ್ಟೋ ಬಂದಿವೆ. ನೀರಿನಲ್ಲಿ ನಿಂತ ಕಾರನ್ನು ಪಾಲಿಷ್ ಮಾಡಿ ಮಾರುವವರು ಸೀಟು ಬದಲಿಸುತ್ತಾರೆ, ಕಾರ್ಪೆಟ್ ತೊಳೆಸುತ್ತಾರೆ, ಸೀಟ್ ಬೆಲ್ಟನ್ನು ಮಾತ್ರ ಮರೆಯುತ್ತಾರೆ. ಅದನ್ನು ಕೊನೆಯವರೆಗೂ ಎಳೆದು ನೋಡಿದರೆ ಕೆಸರಿನ ಗೆರೆ ಕಾಣಿಸುತ್ತದೆ. ಡ್ಯಾಷ್‌ಬೋರ್ಡಿನ ಕೆಳಗೆ ಟಾರ್ಚು ಹಿಡಿದು ತಂತಿಯ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಇದೆಯೇ ಎಂದು ನೋಡಬೇಕು. ಥಾಣೆಯಲ್ಲಿ ಒಬ್ಬ ಮಾರಾಟಗಾರರು ನಾನು ಬೆಲ್ಟ್ ಎಳೆಯಲು ಕೈಹಾಕಿದ್ದನ್ನು ಕಂಡು, ‘ನೀವು ಕಾರು ಕೊಳ್ಳಲು ಬಂದಿದ್ದೀರೋ ಪಂಚನಾಮೆಗೆ ಬಂದಿದ್ದೀರೋ’ ಎಂದರು. ಎರಡಕ್ಕೂ ಎಂದೆ.

ಕಾಗದಪತ್ರಗಳ ವಿಷಯವನ್ನು ಜನ ಕೊನೆಗೆ ಇಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಮೊದಲು ಬರಬೇಕು, ವಿದೇಶದಿಂದ ಬಂದ ಕಾರಾದರೆ ಇನ್ನೂ ಮೊದಲು. ಬಳಸಿದ ಕಾರನ್ನು ಭಾರತಕ್ಕೆ ಆಮದು ಮಾಡಿಕೊಳ್ಳಲು ಅದು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆಗಿರಬೇಕು, ಇಳಿಯುವುದು ಮುಂಬೈ ಬಂದರಿನಲ್ಲಿಯೇ ಆಗಬೇಕು ಎಂಬ ನಿಯಮವಿದೆ. ಆದ್ದರಿಂದ ‘ಜಪಾನಿನಿಂದ ತಂದದ್ದು, 1990ರ ಮಾದರಿ, ಇಲ್ಲಿ ನೋಂದಣಿಯಾದದ್ದು 2010ರಲ್ಲಿ’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಯಬೇಕು. 2025ರ ಸೆಪ್ಟೆಂಬರಿನಲ್ಲಿ ಭೂತಾನಿನ ಮೂಲಕ ಸುಂಕ ತಪ್ಪಿಸಿ ಬಂದವೆಂಬ ಅನುಮಾನದ ಕಾರುಗಳ ಬೆನ್ನುಹತ್ತಿದ ಕಸ್ಟಮ್ಸ್ ಅಧಿಕಾರಿಗಳು ಕೇರಳದಲ್ಲಿ ನಟರ ಮನೆಗಳನ್ನೇ ಶೋಧಿಸಿದರು. ಸುಂಕ ಕಟ್ಟದ ಕಾರು ಎಷ್ಟನೆಯ ಕೈಯಲ್ಲಿದ್ದರೂ ಸುಂಕ ಕಟ್ಟದ ಕಾರೇ. ಪುದುಚೇರಿಯ ಪಿವೈ ಫಲಕ ಹೊತ್ತು ವರ್ಷಗಟ್ಟಲೆ ಮುಂಬೈಯಲ್ಲಿ ತಿರುಗುವ ಕಾರುಗಳದು ಇನ್ನೊಂದು ಕತೆ. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಲೇಬೇಕು, ಮತ್ತು ಮಹಾರಾಷ್ಟ್ರದಲ್ಲಿ ಆಮದು ಕಾರಿನ ತೆರಿಗೆ ಭಾರಿಯಾದದ್ದು. ಆ ಹೊರೆ ಹೊಸ ಮಾಲೀಕನ ತಲೆಗೇ ಬರುತ್ತದೆ.

ಆರ್‌ಸಿಯಲ್ಲಿ ತನ್ನ ಹೆಸರೇ ಇಲ್ಲದೆ, ಹಿಂದಿನ ಮಾಲೀಕನ ಸಹಿ ಇರುವ, ಹೆಸರು ವರ್ಗಾವಣೆಯ ಖಾಲಿ 29 ಮತ್ತು 30ನೆಯ ನಮೂನೆಗಳನ್ನು ಮುಂದೊಡ್ಡುವ ಮಾರಾಟಗಾರರು ಈ ವರ್ಗದಲ್ಲಿ ವಿಪರೀತ, ಏಕೆಂದರೆ ಹವ್ಯಾಸಕ್ಕಾಗಿ ಕೊಂಡವರು ಬೇಗ ಬೇಸತ್ತು ಕೈ ಬದಲಿಸುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟ್, ನವೀನ್ ಕುಮಾರ್ ಪ್ರಕರಣದಲ್ಲಿ, ಕಾರು ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರಕ್ಕೆ ನೋಂದಣಿಯಲ್ಲಿ ಹೆಸರಿರುವವನೇ ಹೊಣೆ ಎಂದಿದೆ. ಅದನ್ನು ನೆನಪಿಸಿದರೆ ಮಾರುವವರೇ ಹೆಸರು ವರ್ಗಾಯಿಸಲು ಅವಸರ ಮಾಡುತ್ತಾರೆ.

ಯಂತ್ರದ ತಪಾಸಣೆಗೆ ಭೋಸರಿಯಲ್ಲಿ ಗ್ಯಾರೇಜು ಇಟ್ಟಿರುವ ನಿಪ್ಪಾಣಿ ಕಡೆಯ ಮೇಸ್ತ್ರಿಯೊಬ್ಬರನ್ನು ಕರೆದೊಯ್ದಿದ್ದೆ. ಅವರು ಹಿಂದಿನ ದಿನವೇ ಫೋನು ಮಾಡಿಸಿ, ನಾವು ಬರುವವರೆಗೆ ಎಂಜಿನ್ ಶುರುಮಾಡಬಾರದು ಎಂದು ಹೇಳಿಸಿದ್ದರು. ತಣ್ಣಗಿರುವ ಟರ್ಬೊ ಎಂಜಿನ್ ಮೊದಲ ಸಲ ಹತ್ತಿಕೊಳ್ಳುವಾಗ ಹೊರಬರುವ ನೀಲಿ ಹೊಗೆ ಬಿಸಿಯಾದ ಮೇಲೆ ಮಾಯವಾಗಬಹುದು. ಲ್ಯಾಪ್‌ಟಾಪಿನಲ್ಲಿ ಮಲ್ಟಿಇಸಿಯುಸ್ಕ್ಯಾನ್ ತಂತ್ರಾಂಶ ಜೋಡಿಸಿ ದೋಷದ ಸಂಕೇತಗಳನ್ನು ಓದಿದರು. ಶಕ್ತಿ ಹೆಚ್ಚಿಸಲು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿದ ಅಬಾರ್ತ್‌ಗಳು ಬಹಳ, ಅವುಗಳಲ್ಲಿ ಕ್ಲಚ್ ಮತ್ತು ಟರ್ಬೊ ಬೇಗ ದಣಿಯುತ್ತವೆ. ಮೊದಲು ನೋಡಿದ ಕಾರಿನ ಬಗ್ಗೆ ಅವರ ತೀರ್ಪು ಚುಟುಕಾಗಿತ್ತು: ‘ಸರ, ಗಾಡಿ ನೋಡಾಕ ಚಲೋ ಐತಿ, ಖರೆ ಟರ್ಬೊ ದಣದೈತಿ.’ ನಾನು ಕೊಂಡ ಕಾರಿನ ಬಗ್ಗೆ ಅವರು ಹೊಗಳಿಕೆಯ ಮಾತೇನೂ ಆಡಲಿಲ್ಲ, ಟೈಮಿಂಗ್ ಬೆಲ್ಟು ಬದಲಿಸಲು ಯಾವ ದಿನ ತರುತ್ತೀರಿ ಎಂದಷ್ಟೇ ಕೇಳಿದರು. ಬೆಲ್ಟಿನ ಆಯುಷ್ಯವನ್ನು ಕಿಲೋಮೀಟರಿನಲ್ಲಿ ಮಾತ್ರವಲ್ಲ, ವರ್ಷಗಳಲ್ಲಿಯೂ ಎಣಿಸಬೇಕು. ಕಡಿಮೆ ಓಡಿದ ಕಾರು ಎಂದು ಬೀಗುವವರು ಮರೆಯುವುದು ಇದನ್ನೇ.

ಬೆಲೆಯ ಮಾತಿನಲ್ಲಿ ನನಗೆ ಹೆಚ್ಚು ನೆರವಾದದ್ದು ವಿಮೆ. ಐದು ವರ್ಷ ದಾಟಿದ, ಉತ್ಪಾದನೆ ನಿಂತ ಕಾರಿನ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಮಾರುವವರ ಪಾಲಿಸಿಯಲ್ಲಿ ಆ ಮೌಲ್ಯ ಅವರು ಕೇಳುವ ಬೆಲೆಯ ಅರ್ಧವೂ ಇರಲಿಲ್ಲ. ತಾವೇ ವರ್ಷವರ್ಷ ಒಪ್ಪಿ ಸಹಿ ಹಾಕಿದ ಅಂಕಿಯನ್ನು ಮುಂದಿಟ್ಟಾಗ ಅವರ ಧ್ವನಿ ಇಳಿಯಿತು, ಬೆಲೆಯೂ ಇಳಿಯಿತು. ಅವರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಅವರ ಬಳಿಯೇ ಉಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದೆ.

ಈಗ ಉಳಿದಿರುವ ಚಿಂತೆ ಪೆಟ್ರೋಲಿನದು. ಬಂಕುಗಳಲ್ಲೆಲ್ಲ ಸಿಗುತ್ತಿರುವ, ಶೇಕಡಾ 20 ಎಥೆನಾಲ್ ಬೆರೆಸಿದ ಇ20ಗೆ ಒಗ್ಗುವಂತೆ ಈ ಕಾರನ್ನು ತಯಾರಿಸಿಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಇಂಧನದ ಕೊಳವೆಗಳನ್ನೂ ಸೀಲುಗಳನ್ನೂ ಒಂದೊಂದಾಗಿ ಬದಲಿಸುತ್ತಿದ್ದೇನೆ, ತಿಂಗಳುಗಟ್ಟಲೆ ನಿಲ್ಲಿಸದೆ ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ. ಇಂಟರ್‌ಕೂಲರಿನ ಕೊಳವೆ ಮತ್ತು ಟರ್ಬೊದ ಎಣ್ಣೆ ಪೈಪು ಹೊಸದು ಸಿಗುವುದು ಕಷ್ಟವಾಗುತ್ತಿದೆ. ಪುಣೆಯಿಂದ ಬೆಳಗಾವಿಯವರೆಗೆ ಯಾರ ಬಳಿಯಾದರೂ ಲೀನಿಯಾ ಟಿ-ಜೆಟ್, ಅಪಘಾತದಲ್ಲಿ ಜಖಂ ಆದದ್ದಾದರೂ ಸರಿ, ನೀರಿನಲ್ಲಿ ಮುಳುಗದ್ದು, ದಾಖಲೆ ನೇರವಾಗಿರುವುದು ಮಾರಾಟಕ್ಕಿದ್ದರೆ ಇಲ್ಲಿಯೇ ತಿಳಿಸಿ. ಮೇಸ್ತ್ರಿಯನ್ನು ಕರೆದುಕೊಂಡು ಭಾನುವಾರ ಬಂದು ನೋಡುತ್ತೇನೆ.