ನಿಮ್ಮ ಫೋನ್ ಅಪ್-ಟು-ಡೇಟ್ ಆಗಿದೆ, ಸುಮ್ನಿರಿ

ಮತ್ತೆ ಮುಂದಕ್ಕೆ ಹೋಯಿತಂತೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್. ಈ ತಿಂಗಳು ಬಂದೇ ಬರುತ್ತದೆ ಅಂತ ಕಾಯುತ್ತಿದ್ದವರಿಗೆಲ್ಲ ಕಂಪನಿಯಿಂದ ಅದೇ ಹಳೆಯ ಎರಡು ಸಾಲು. ನಿಮಗೆ ಇನ್ನೂ ಒಳ್ಳೆಯ ಅನುಭವ ಕೊಡಲು ನಮ್ಮ ತಂಡ ಹಗಲಿರುಳು ದುಡಿಯುತ್ತಿದೆ, ದಯವಿಟ್ಟು ಸಹಕರಿಸಿ. ಸಹಕರಿಸದೆ ಇನ್ನೇನು ಮಾಡೋಣ ಹೇಳಿ? ದುಡ್ಡು ಕೊಟ್ಟಾಗಿದೆ. ಇನ್ನೂ ಕಂತು ಕಟ್ಟುತ್ತಿರುವವರಂತೂ ಪ್ರತಿ ತಿಂಗಳೂ ಸಹಕರಿಸುತ್ತಿದ್ದಾರೆ.

ನನಗೆ ಆ ‘ಅಪ್‌ಡೇಟ್ ಪರಿಶೀಲಿಸಿ’ ಬಟನ್ ಮೇಲೆ ವಿಶೇಷ ಪ್ರೀತಿ. ಸೆಟ್ಟಿಂಗ್ಸ್ ಒಳಗೆ ಹೋಗಿ, ಕೆಳಗೆ ಕೆಳಗೆ ಎಳೆದು ಅದನ್ನು ಒತ್ತಿದರೆ ಒಂದು ಬಳೆ ಸುತ್ತಲು ಶುರುವಾಗುತ್ತದೆ. ಬಹಳ ಗಂಭೀರವಾಗಿ ಸುತ್ತುತ್ತದೆ, ಎಲ್ಲೋ ದೂರದ ಗೋದಾಮಿನಲ್ಲಿ ಯಾರೋ ಲಾಟೀನು ಹಿಡಿದು ನಮಗಾಗಿಯೇ ಹುಡುಕುತ್ತಿದ್ದಾರೇನೋ ಅನ್ನುವ ಹಾಗೆ. ಆಮೇಲೆ ಹಸಿರು ಟಿಕ್. ‘ನಿಮ್ಮ ಫೋನ್ ಅಪ್-ಟು-ಡೇಟ್ ಆಗಿದೆ.’ ಅದರ ಕೆಳಗೇ, ಸಣ್ಣ ಬೂದು ಅಕ್ಷರದಲ್ಲಿ, ಸೆಕ್ಯುರಿಟಿ ಪ್ಯಾಚ್‌ನ, ಅಂದರೆ ಕಳ್ಳರು ನುಗ್ಗುವ ತೂತು ಮುಚ್ಚುವ ತೇಪೆಯ ತಾರೀಖು. ಹೋದ ವರ್ಷದ್ದು. ಸುಳ್ಳನ್ನೂ ಅದಕ್ಕೆ ಸಾಕ್ಷಿಯನ್ನೂ ಒಂದೇ ಸ್ಕ್ರೀನಿನಲ್ಲಿ ಇಷ್ಟು ಹತ್ತಿರ ಕೂರಿಸುವ ಧೈರ್ಯ ಚುನಾವಣೆಗೆ ನಿಂತವರಿಗೂ ಇರುವುದಿಲ್ಲ.

ಆದರೂ ತಾರೀಖು ಹಳೆಯದು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ನಿಜವನ್ನಾದರೂ ಹೇಳುತ್ತಿದೆ. 2018ರಲ್ಲಿ ಜರ್ಮನಿಯ ಸೆಕ್ಯುರಿಟಿ ರಿಸರ್ಚ್ ಲ್ಯಾಬ್ಸ್‌ನವರು ಸುಮಾರು 1,200 ಆಂಡ್ರಾಯ್ಡ್ ಫೋನ್‌ಗಳ ಸಾಫ್ಟ್‌ವೇರ್ ಕೆದಕಿ ನೋಡಿದರು. ಹಾಕಿದ್ದೇವೆ ಅಂತ ಫೋನ್ ಕಂಪನಿಗಳು ಹೇಳಿಕೊಂಡಿದ್ದ ಎಷ್ಟೋ ಪ್ಯಾಚ್‌ಗಳು ಒಳಗೆ ಇರಲೇ ಇಲ್ಲ. ಕೆಲವರು ತಾರೀಖು ಮಾತ್ರ ಬದಲಾಯಿಸಿ ಕೈ ತೊಳೆದುಕೊಂಡಿದ್ದರು. ಎಷ್ಟು ಸುಲಭ, ಅಲ್ವಾ? ಇದೇ ಲೆಕ್ಕದಲ್ಲಿ ನಾವೂ ಕ್ಯಾಲೆಂಡರ್ ಹಾಳೆ ಹರಿದು, ಕಂತು ಕಟ್ಟಿಯಾಯಿತು ಅನ್ನಬಹುದು.

ಹಿಂದೆ ಈ ಕಾಯುವುದರಲ್ಲೂ ಒಂದು ರುಚಿ ಇತ್ತು. ಗೂಗಲ್‌ನವರು ಆಂಡ್ರಾಯ್ಡ್‌ನ ಒಂದೊಂದು ಆವೃತ್ತಿಗೂ ಸಿಹಿತಿಂಡಿಯ ಹೆಸರು ಇಡುತ್ತಿದ್ದರು, ಅದೂ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ. ಕಪ್‌ಕೇಕ್, ಡೋನಟ್, ಎಕ್ಲೇರ್, ಫ್ರೋಯೋ, ಜಿಂಜರ್‌ಬ್ರೆಡ್. ಅವರ ಕಚೇರಿಯ ಅಂಗಳದಲ್ಲಿ ಆ ತಿಂಡಿಗಳ ಆಳೆತ್ತರದ ಬೊಂಬೆ ಬೇರೆ. ನಮ್ಮ ಫೋನು ಮಾತ್ರ ಯಾವಾಗಲೂ ಎರಡು ತಿಂಡಿ ಹಿಂದೆ. 2015ರಲ್ಲಿ ಅಲ್ಲಿ ಮಾರ್ಷ್‌ಮ್ಯಾಲೋ ಬಡಿಸಿದಾಗ ಇಲ್ಲಿ ಕಿಟ್‌ಕ್ಯಾಟ್ ಹಿಡಿದುಕೊಂಡು ಲಾಲಿಪಾಪ್‌ಗೆ ಕಾಯುತ್ತಿದ್ದವರು ಎಷ್ಟು ಜನ! ಮೀಸೆ ನರೆತವರು, ಆಫೀಸಿನಲ್ಲಿ ಹತ್ತು ಮಂದಿಯನ್ನು ಗದರಿಸುವವರು, ‘ಸರ್, ನಮಗೆ ಲಾಲಿಪಾಪ್ ಯಾವಾಗ ಕೊಡ್ತೀರಿ?’ ಅಂತ ಕಸ್ಟಮರ್ ಕೇರ್‌ಗೆ ಬರೆಯುತ್ತಿದ್ದರು. ಅತ್ತಲಿಂದ ಉತ್ತರವೂ ಬರುತ್ತಿತ್ತು, ‘ಪ್ರಿಯ ಗ್ರಾಹಕರೇ, ಲಾಲಿಪಾಪ್ ಕುರಿತ ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು.’ ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದರು. 2019ರಲ್ಲಿ ಆಂಡ್ರಾಯ್ಡ್ 10 ಬಂದಾಗ ತಿಂಡಿಯ ಹೆಸರು ಬಿಟ್ಟು ಬರೀ ಅಂಕಿ ಇಟ್ಟುಕೊಂಡರು. ಒಳ್ಳೆಯದೇ ಆಯಿತು. ಎಲೆ ಹಾಕಿ ಕೂರಿಸಿ ಬಡಿಸದೆ ಇದ್ದವರು ಕನಿಷ್ಠ ಅಡುಗೆಯ ಹೆಸರು ಹೇಳುವುದನ್ನಾದರೂ ನಿಲ್ಲಿಸಿದರು.

ತಡ ಯಾಕೆ ಅಂತ ಕೇಳಿದರೆ ದೊಡ್ಡ ಪುರಾಣವೇ ಇದೆ. ಗೂಗಲ್ ಕೋಡ್ ಕೊಡಬೇಕು, ಚಿಪ್ ಮಾಡುವವರು ಅದಕ್ಕೆ ತಕ್ಕ ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಕೊಡಬೇಕು, ಫೋನ್ ಕಂಪನಿ ಅದರ ಮೇಲೆ ತನ್ನ ಬಣ್ಣ ಬಳಿಯಬೇಕು, ಕೆಲವು ದೇಶಗಳಲ್ಲಿ ನೆಟ್‌ವರ್ಕ್ ಕಂಪನಿಯೂ ಹೂಂ ಅನ್ನಬೇಕು. ಕೆಲಸ ಇದೆ, ಒಪ್ಪೋಣ. ಆದರೆ ಈ ಕಾರಣಗಳೂ ಹೊಸವಲ್ಲ, ಪರಿಹಾರದ ಘೋಷಣೆಗಳೂ ಹೊಸವಲ್ಲ. 2011ರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಗೂಗಲ್ ವೇದಿಕೆಯಲ್ಲಿ ಕೈ ಜೋಡಿಸಿ 18 ತಿಂಗಳು ಅಪ್‌ಡೇಟ್ ಕೊಡುತ್ತೇವೆ ಅಂದಿದ್ದವು. ಆ ಒಕ್ಕೂಟ ಆಮೇಲೆ ಎಲ್ಲಿ ಹೋಯಿತೋ. 2017ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಟ್ರೆಬಲ್ ಬಂತು, ಚಿಪ್‌ನವರ ಭಾಗ ಬೇರೆ, ಆಂಡ್ರಾಯ್ಡ್ ಭಾಗ ಬೇರೆ, ಇನ್ನು ಅಪ್‌ಡೇಟ್ ಬೇಗ ಬೇಗ ಅಂದರು. ಬಣ್ಣ ಬಳಿಯುವುದು ಮಾತ್ರ ಇನ್ನೂ ಮುಗಿದಿಲ್ಲ.

ಬಂದರೂ ‘ಹಂತ ಹಂತವಾಗಿ’ ಬರುತ್ತದೆ. ಮೊದಲು ಕೆಲವೇ ಅದೃಷ್ಟವಂತರಿಗೆ. ಅದೇ ಮಾಡೆಲ್, ಅದೇ ಬಣ್ಣ, ಒಂದೇ ದಿನ ಕೊಂಡದ್ದು, ಪಕ್ಕದವರಿಗೆ ಬಂದಿರುತ್ತದೆ, ನಮಗಿಲ್ಲ. ಕೊನೆಗೂ ಬಂತು ಅನ್ನಿ. ಒಂದೂವರೆ ಜಿಬಿ ಡೌನ್‌ಲೋಡ್ ಮಾಡಿ, ಚಾರ್ಜ್ ಐವತ್ತು ದಾಟಲಿ ಅಂತ ಕಾದು, ಏನು ಬದಲಾಗಿದೆ ಅಂತ ಓದಿದರೆ ‘ಕೆಲವು ದೋಷಗಳನ್ನು ಸರಿಪಡಿಸಲಾಗಿದೆ’. ಯಾವುದಪ್ಪಾ ಅದು? ಹೇಳುವುದಿಲ್ಲ. ಮಾರನೇ ದಿನದಿಂದ ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತದೆ. ಇದು ಬರೀ ನಮ್ಮ ಗೊಣಗಾಟವೂ ಅಲ್ಲ. ಅಪ್‌ಡೇಟ್‌ನಿಂದ ಹಳೆಯ ಫೋನ್‌ಗಳು ನಿಧಾನವಾದವು ಅಂತ ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರಲ್ಲಿ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತ್ತು. ಬಾರದಿದ್ದರೆ ಒಂದು ಗೋಳು, ಬಂದರೆ ಇನ್ನೊಂದು.

ಇಷ್ಟು ಹೊತ್ತು ತಮಾಷೆ ಮಾಡಿದೆ. ನಿಜ ಹೇಳಬೇಕೆಂದರೆ ಸಾಕಾಗಿದೆ. ಹೊಸ ಎಮೋಜಿ, ಹೊಸ ವಾಲ್‌ಪೇಪರ್ ಯಾರಿಗೆ ಬೇಕು? 2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ದೋಷ ಸಿಕ್ಕಾಗ, ಒಂದು ಎಂಎಂಎಸ್ (ಚಿತ್ರ, ವಿಡಿಯೋ ಇರುವ ಸಂದೇಶ) ಕಳಿಸಿಯೇ ಫೋನಿನೊಳಗೆ ನುಗ್ಗಬಹುದು ಅಂತ ಗೊತ್ತಾಯಿತು. ಆಮೇಲೆಯೇ ಗೂಗಲ್‌ನವರು ತಿಂಗಳಿಗೊಂದು ಸೆಕ್ಯುರಿಟಿ ಪ್ಯಾಚ್ ಕೊಡಲು ಶುರು ಮಾಡಿದ್ದು. ತೂತು ಎಲ್ಲಿದೆ ಅಂತ ಪಟ್ಟಿ ಹಾಕಿ ಊರಿಗೆಲ್ಲ ಹೇಳುತ್ತಾರೆ. ಕಳ್ಳರೂ ಅದನ್ನು ಓದುತ್ತಾರೆ. ತೇಪೆ ಮಾತ್ರ ನಮಗೆ ಆರು ತಿಂಗಳ ಮೇಲೆ, ಬಂದರೆ. ಇದೇ ಫೋನಿನಲ್ಲಿ ನಮ್ಮ ಬ್ಯಾಂಕಿದೆ. ಸ್ಕ್ರೀನ್ ಸರಿಯಾಗಿದೆ, ಕ್ಯಾಮೆರಾ ಸರಿಯಾಗಿದೆ, ಒಂದು ಗೀರೂ ಬಿದ್ದಿಲ್ಲ. ಆದರೆ ಒಂದು ಬೆಳಿಗ್ಗೆ ಬ್ಯಾಂಕಿನ ಆ್ಯಪ್ ‘ನಿಮ್ಮ ಆವೃತ್ತಿಗೆ ಬೆಂಬಲವಿಲ್ಲ’ ಅಂದುಬಿಡುತ್ತದೆ. ಫೋನ್ ಕೆಟ್ಟಿಲ್ಲ. ಅದನ್ನು ಕೆಡಿಸಿದ್ದಾರೆ, ಕೂತಲ್ಲೇ, ಏನೂ ಮಾಡದೆ.

ಆಗದ ಕೆಲಸ ಅಂತೀರಾ? 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ 7 ವರ್ಷ ಅಪ್‌ಡೇಟ್ ಅಂತ ಘೋಷಿಸಿದವು. ಜಾಸ್ತಿ ದುಡ್ಡಿನ ಫೋನಿಗೆ ಎಲ್ಲವೂ ಆಗುತ್ತದೆ. ಉಳಿದವರಿಗೆ ಡಬ್ಬದ ಮೇಲೆ ಮೂರೋ ನಾಲ್ಕೋ ವರ್ಷ ಅಂತ ಬರೆದಿರುತ್ತಾರೆ, ಆ ಲೆಕ್ಕವೂ ಹೆಚ್ಚಾಗಿ ಮಾಡೆಲ್ ಬಿಡುಗಡೆಯಾದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಅಂಗಡಿಯ ಕಪಾಟಿನಲ್ಲಿ ಕೂತೇ ಅದರ ಆಯುಷ್ಯ ಕರಗಿರುತ್ತದೆ. ಯುರೋಪಿನವರು ಇದನ್ನು ತಿರುಗಿಸಿ ಹಾಕಿದರು. 2025ರ ಜೂನ್ 20ರಿಂದ ಜಾರಿಯಾದ ಅವರ ನಿಯಮದಲ್ಲಿ 5 ವರ್ಷದ ಅಪ್‌ಡೇಟ್ ಲೆಕ್ಕ ಶುರುವಾಗುವುದು ಆ ಮಾಡೆಲ್ ಮಾರುವುದನ್ನು ಕಂಪನಿ ನಿಲ್ಲಿಸಿದ ಮೇಲೆ. ಕಾನೂನು ಕಣ್ಣು ಬಿಟ್ಟರೆ ಎಂಜಿನಿಯರುಗಳಿಗೆ ಬಿಡುವು ಸಿಗುತ್ತದೆ ಅಂತಾಯಿತು.

ಇರಲಿ, ಕಂಪನಿಯವರಿಗೆ ಏನನ್ನೂ ಸಮಯಕ್ಕೆ ಕಳಿಸಲು ಬರುವುದಿಲ್ಲ ಅಂದರೆ ತಪ್ಪಾಗುತ್ತದೆ. ಅವರ ಹೊಸ ಮಾಡೆಲ್ ಹೇಳಿದ ದಿನವೇ, ಹೇಳಿದ ಗಂಟೆಗೇ ಬಿಡುಗಡೆಯಾಯಿತು. ಅದರ ಜಾಹೀರಾತು ನೋಟಿಫಿಕೇಶನ್ ಆಗಿ ನನ್ನ ಹಳೆಯ ಫೋನಿಗೂ ಬಂತು. ಹಂತ ಹಂತವಾಗಿ ಅಲ್ಲ, ಎಲ್ಲರಿಗೂ ಒಟ್ಟಿಗೇ.