ಟೇಪ್ ಹಿಡಿದ ಕೈಯೇ ಡ್ರಿಲ್ ಹಿಡಿಯಬೇಕು

ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಕರ್ಟನ್, ಬ್ಲೈಂಡ್ಸ್ ಹಾಕೋ ಕೆಲಸ ಮಾಡ್ತಿದ್ದೀನಿ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರು "ಅಣ್ಣಾ, ಇಷ್ಟು ಜನ ಇರುವಾಗ ನಮ್ಮನ್ನೇ ಹುಡುಕಿಕೊಂಡು ಬರಬೇಕು ಅಂದ್ರೆ ಏನ್ ಮಾಡ್ಬೇಕು?" ಅಂತ ಕೇಳ್ತಾರೆ. ನಾನು ಹೇಳೋದು ಒಂದೇ: ಅಳತೆ ನೀನೇ ತಗೋ. ಬೇರೆಯವರು ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ನಂಬಿ ಏಣಿ ಹತ್ತಬೇಡ.

ನನಗಿದು ಗೊತ್ತಾಗಿದ್ದು ಯಲಹಂಕದ ಒಂದು ಮನೆಯಲ್ಲಿ. ಗೃಹಪ್ರವೇಶಕ್ಕೆ ಎರಡೇ ದಿನ ಇತ್ತು. ಕಿಟಕಿ ಗೂಡಿನೊಳಗೆ ಕೂರಬೇಕಾದ, ಪಟ್ಟೆಪಟ್ಟೆ ಬಟ್ಟೆಯ ಜೀಬ್ರಾ ಬ್ಲೈಂಡ್, ಅಳತೆ ತೆಗೆದವರು ಬೇರೆ ಯಾರೋ. ಮೇಲೆ ಚೆನ್ನಾಗಿಯೇ ಕೂತಿತು. ಇಳಿಸಿದರೆ ಅರ್ಧದಿಂದ ಕೆಳಗೆ ಬಟ್ಟೆ ಗೋಡೆಗೆ ಉಜ್ಜತೊಡಗಿತು. ಪ್ಲಾಸ್ಟರಿಂಗ್ ಕೆಳಗಡೆ ಕಾಲಿಂಚು ಒಳಕ್ಕೆ ಬಂದಿತ್ತು. ಆರ್ಡರ್ ಕೊಟ್ಟು ಕತ್ತರಿಸಿದ ಮಾಲು, ವಾಪಸ್ ತಗೊಳ್ಳಲ್ಲ. ಆ ಅಮ್ಮ ಏನೂ ಬೈಯಲಿಲ್ಲ, ಸುಮ್ಮನೆ ಕಿಟಕಿ ನೋಡ್ತಾ ನಿಂತರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಗೋಡೆ ಕಣ್ಣಿಗೆ ಕಂಡಷ್ಟು ನೇರ ಇರಲ್ಲ. ಅಗಲವನ್ನು ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಹಿಡಿದು, ಎಲ್ಲಿ ಕಮ್ಮಿ ಬಂತೋ ಅದನ್ನೇ ಬರೀಬೇಕು. ಬರೆದದ್ದು ಕಿಟಕಿಯ ಅಳತೆಯೋ ಬ್ಲೈಂಡಿನ ಅಳತೆಯೋ ಅನ್ನೋದನ್ನೂ ಬರೀಬೇಕು. ಬ್ಲೈಂಡ್ ಗೋಡೆಗೆ ಉಜ್ಜದಿರಲಿ ಅಂತ ನಾವೊಂದಿಷ್ಟು ಕಳೆದು, ಫ್ಯಾಕ್ಟರಿಯವರೂ ಇನ್ನೊಂದಿಷ್ಟು ಕಳೆದರೆ, ಬೆಳಗಾದರೆ ಎರಡೂ ಪಕ್ಕದಿಂದ ಬಿಸಿಲು ನೇರ ದಿಂಬಿನ ಮೇಲೆ.

ಅಳತೆಗೆ ಹೋದ ದಿನವೇ ಗೋಡೆಯನ್ನೂ ತಟ್ಟಿ ನೋಡ್ತೀನಿ. ಎಎಸಿ ಬ್ಲಾಕ್, ಅಂದರೆ ಹಗುರ ಕಾಂಕ್ರೀಟ್ ಇಟ್ಟಿಗೆ, ಮೆತ್ತಗಿರುತ್ತೆ; ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯೋ ಸೆಟ್ಟಿಂಗ್, ಹಾಕಿ ಕೊರೆದರೆ ತೂತು ಅಗಲ ಆಗಿ ಸ್ಕ್ರೂ ಹಿಡಿಯೋ ಪ್ಲಗ್ ನಿಲ್ಲಲ್ಲ. ಹ್ಯಾಮರ್ ಆಫ್ ಮಾಡಿ ಕೊರೆದು, ಉದ್ದದ ನೈಲಾನ್ ಪ್ಲಗ್ ಹಾಕಬೇಕು. ಕಾಂಕ್ರೀಟ್ ಗೋಡೆಗಾದರೆ ಹ್ಯಾಮರ್ ಇಲ್ಲದೆ ಆಗೋದೇ ಇಲ್ಲ. ಜಿಪ್ಸಂ ಸೀಲಿಂಗ್ ಹಿಂದೆ ಪ್ಲೈವುಡ್ ಇಲ್ಲ ಅಂದರೆ ಭಾರದ ಕರ್ಟನ್ನಿಗೆ ನಾನು ಟ್ರ್ಯಾಕ್ ಹಾಕಲ್ಲ, ಎಷ್ಟೇ ಒತ್ತಾಯ ಮಾಡಲಿ. ಇದೆಲ್ಲ ಮೊದಲೇ ಗೊತ್ತಿದ್ದರೆ ಸರಿಯಾದ ಸಾಮಾನು ಬ್ಯಾಗಲ್ಲಿರುತ್ತೆ. ಕೊರೆಯುವಾಗ ಕೆಳಗೊಂದು ಕಾಗದದ ಪೊಟ್ಟಣ ಅಂಟಿಸಿದರೆ ಧೂಳೂ ಬೀಳಲ್ಲ.

ಎಲ್ಲಕ್ಕಿಂತ ಮುಖ್ಯ ಚೈನು. ರೋಲರ್ ಬ್ಲೈಂಡನ್ನು ಏರಿಸಿ ಇಳಿಸೋ ಮಣಿ ಚೈನು ಮಗುವಿನ ಕೊರಳಿಗೆ ಸಿಕ್ಕಿಕೊಂಡರೆ ಸದ್ದೇ ಇಲ್ಲದೆ ಜೀವ ಹೋಗುತ್ತೆ. ಕಿಟಕಿ ಪರದೆಗಳ ದಾರ, ಚೈನು ಕೊರಳಿಗೆ ಸುತ್ತಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 9 ಚಿಕ್ಕ ಮಕ್ಕಳು ಸಾಯ್ತಾರೆ ಅಂತ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಹೇಳಿದೆ. ಚೈನನ್ನು ಗೋಡೆಗೆ ಬಿಗಿಯಾಗಿ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಹೋಲ್ಡರ್ ಎಷ್ಟೋ ಸಲ ಡಬ್ಬದಲ್ಲೇ ಬಂದಿರುತ್ತೆ. ಎರಡು ಸ್ಕ್ರೂ ಕೆಲಸ. ಎಷ್ಟು ಮನೆಗಳಲ್ಲಿ ಅದು ಡಬ್ಬದ ಸಮೇತ ಕಸಕ್ಕೆ ಹೋಗಿರೋದನ್ನ ನೋಡಿದ್ದೀನಿ!

ಚೈನು ಎಡಕ್ಕೋ ಬಲಕ್ಕೋ ಅನ್ನೋದು ಆರ್ಡರ್ ಬರೆಯುವಾಗಲೇ ತೀರ್ಮಾನ ಆಗಬೇಕು. ಮಗುವಿನ ಮಂಚ ಎಲ್ಲಿದೆ ಅಂತ ಚೀಟಿ ನೋಡಿದವನಿಗೆ ಹೇಗೆ ಗೊತ್ತಾಗುತ್ತೆ? ಹೋದ ತಿಂಗಳು ಜೆ.ಪಿ. ನಗರದ ಒಂದು ಮನೆಯಲ್ಲಿ ತೊಟ್ಟಿಲು ಕಿಟಕಿಯ ಎಡಕ್ಕೇ ಇತ್ತು. ಚೀಟಿಯಲ್ಲೂ ಎಡ ಅಂತಲೇ ಇತ್ತು. ನಾನು ಅದನ್ನ ಹೊಡೆದುಹಾಕಿ ಬಲ ಅಂತ ಬರೆದೆ, ತೊಟ್ಟಿಲನ್ನೂ ಆಚೆ ಗೋಡೆಗೆ ಸರಿಸೋಕೆ ಹೇಳಿದೆ. ಬ್ಲೈಂಡ್ ಹಾಕೋಕೆ ಹೋದ ದಿನ ನೋಡಿದರೆ ತೊಟ್ಟಿಲು ಆಚೆ ಗೋಡೆಗಿತ್ತು, ಮಗು ನಿದ್ದೆ ಮಾಡ್ತಿತ್ತು. ಅದು ಏಳೋವರೆಗೂ ಡ್ರಿಲ್ ಆನ್ ಮಾಡದೆ ಹಾಲಲ್ಲಿ ಕೂತಿದ್ದೆ.