ಬಾಕ್ಸ್‌ಗೆ ಕೈ ಹಾಕೋದು ಕೊನೆಗೆ

ಹಳೇ ಜೀಪ್ ಇಟ್ಟುಕೊಂಡಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ಸ್ಟೀರಿಂಗ್ ಆಟ, ಅಂದರೆ ಗಾಲಿ ತಿರುಗದೆ ಸ್ಟೀರಿಂಗ್ ಸುಮ್ಮನೆ ಅಲ್ಲಾಡುವುದು, ಜಾಸ್ತಿ ಆಯಿತು ಅನ್ನಿಸಿದ ತಕ್ಷಣ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುಗಿದ್ದನ್ನು ಗಾಲಿಯ ಕಡೆಗೆ ದಾಟಿಸುವ ಪೆಟ್ಟಿಗೆ) ಪಕ್ಕದ ಆ ಸ್ಕ್ರೂ ಬಿಗಿಯಬೇಡಿ. ಬೇರೆಯವರು ಬಿಗಿಯುತ್ತೇನೆ ಅಂದರೂ ಬಿಡಬೇಡಿ. ನಾನು ಬಿಟ್ಟೆ. ಚಾರ್ಮಾಡಿ ಘಾಟಿಯಲ್ಲಿ ಅದರ ಫಲ ಉಂಡೆ.

ನಮ್ಮದು 1972ರ ಸಿಜೆ3ಬಿ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಾನೆಟ್ ಎತ್ತರ ಇರುತ್ತದಲ್ಲ, ಆ ಜೀಪು. 1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯವರು ಹೊಸ ಎಂಜಿನ್ ಕೂರಿಸಲು ಜಾಗ ಸಾಲದೆ ಬಾನೆಟ್ ಎತ್ತರಿಸಿದರು. ಮಹೀಂದ್ರಾದವರು ಅದನ್ನೇ ಇಲ್ಲಿ ದಶಕಗಳ ಕಾಲ ಮಾಡಿದರು. ಮಲೆನಾಡಿನಲ್ಲಿ ಕಾಫಿ ಮೂಟೆ, ಗೊಬ್ಬರ, ತೋಟದ ಆಳುಗಳು, ಮದುವೆ ದಿಬ್ಬಣ, ಎಲ್ಲವನ್ನೂ ಹೊತ್ತಿದ್ದು ಇದೇ ಜಾತಿಯ ಜೀಪು.

ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಇದರ ಸ್ಟೀರಿಂಗ್ ಎಷ್ಟು ಸಡಿಲ ಆಗಿತ್ತೆಂದರೆ, ಎರಡು ಇಂಚು ಅಲ್ಲಾಡಿಸಿದರೂ ಮುಂದಿನ ಗಾಲಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಗೋಡೆ ಪಕ್ಕ ಇಕ್ಕಟ್ಟಿನಲ್ಲಿ, ಗಾಲಿ ಬಲಕ್ಕೆ ತಿರುಗಿಸಿದ ಹಾಗೇ ನಿಲ್ಲಿಸಿದೆ. ಹುಡುಗ ಬಂದ, ಸ್ಕ್ರೂ ಅಲ್ಲಾಡದ ಹಾಗೆ ಹಿಡಿದಿಡುವ ಚೆಕ್ ನಟ್ ಸಡಿಲಿಸಿದ, ಸ್ಕ್ರೂ ಡ್ರೈವರ್‌ನಲ್ಲಿ ಬಿಗಿದ, ಸ್ಟೀರಿಂಗ್ ಅಲ್ಲಾಡಿಸಿ ನೋಡಿದ. "ಆಯ್ತು ಸಾರ್, ಝೀರೋ ಪ್ಲೇ." ಹತ್ತು ನಿಮಿಷದ ಕೆಲಸ. ನನಗೂ ಖುಷಿಯೇ.

ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಗೊತ್ತಾಯಿತು. ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲ. ತಿರುವು ಮುಗಿದ ಮೇಲೆ ಕೈ ಸ್ವಲ್ಪ ಸಡಿಲ ಬಿಟ್ಟರೆ ಸ್ಟೀರಿಂಗ್ ಸರ್ರನೆ ನೇರಕ್ಕೆ ಬರಬೇಕು, ಅಲ್ವಾ? ಇದು ನೇರಕ್ಕೆ ಹತ್ತಿರ ಬಂದು ಗಕ್ಕನೆ ಹಿಡಿದುಕೊಳ್ಳುತ್ತಿತ್ತು. ಪ್ರತಿ ತಿರುವಿನಲ್ಲೂ ಎಳೆದು ತರಬೇಕು. ಎಳೆದರೆ ಒಂದಿಷ್ಟು ಜಾಸ್ತಿಯೇ ಬರುತ್ತದೆ, ಮತ್ತೆ ಆ ಕಡೆಗೆ ತಳ್ಳಬೇಕು. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಪ್ರಪಾತ, ಎದುರಿಗೆ ಬಸ್ಸು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ನೀರು ಕುಡಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಮನೆಗೆ ಬಂದವನು ಅಪ್ಪನ ಕಾಲದ ಮೇಸ್ತ್ರಿಗೆ ಫೋನ್ ಮಾಡಿದೆ. ಗ್ಯಾರೇಜ್ ಬಿಟ್ಟು ಎಷ್ಟೋ ವರ್ಷ ಆಗಿದೆ, ಕಣ್ಣೂ ಸ್ವಲ್ಪ ಮಂಜು. ಆದರೂ ಬಂದರು. ಜೀಪು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಸ್ಕ್ರೂ ಬಿಗಿಯೋವಾಗ ಗಾಲಿ ಎತ್ಲಾಗಿತ್ತು ಗೌಡ್ರೇ?"

"ಬಲಕ್ಕೆ ತಿರುಗಿಸೇ ನಿಲ್ಸಿದ್ದೆ."

"ಹಂಗಾರೆ ಅರ್ಧ ತಪ್ಪು ನಿಮ್ದೇ."

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಈ ಜೀಪಿನಲ್ಲಿರುವುದು ರಾಸ್ ಕ್ಯಾಮ್ ಅಂಡ್ ಲಿವರ್ ಬಾಕ್ಸ್. ಸ್ಟೀರಿಂಗ್ ಕೊಳವೆಯ ಕೆಳತುದಿಯಲ್ಲಿ ಒಂದು ದಪ್ಪ ಕಬ್ಬಿಣದ ತುಂಡು ಇದೆ, ಅದೇ ಕ್ಯಾಮ್. ಬುಗುರಿಗೆ ಹಗ್ಗ ಸುತ್ತಿದ ಹಾಗೆ ಅದರ ಮೈಮೇಲೆ ಸುತ್ತುಸುತ್ತಾಗಿ ತೋಡು ಕೊರೆದಿದ್ದಾರೆ. ಆ ತೋಡಿನಲ್ಲಿ ಲಿವರ್‌ನ ಎರಡು ಪಿನ್ ಕೂತಿರುತ್ತವೆ. ಸ್ಟೀರಿಂಗ್ ತಿರುಗಿಸಿದರೆ ಪಿನ್‌ಗಳು ತೋಡು ಹಿಡಿದು ಸರಿಯುತ್ತವೆ, ಲಿವರ್ ತಿರುಗುತ್ತದೆ, ಹೊರಗಿನ ಡ್ರಾಪ್ ಆರ್ಮ್ ಹಿಂದೆ ಮುಂದೆ ಆಡುತ್ತದೆ. ಪಕ್ಕದ ಮುಚ್ಚಳದ ಸ್ಕ್ರೂ ಮಾಡುವುದು ಇಷ್ಟೇ, ಪಿನ್‌ಗಳನ್ನು ತೋಡಿನ ಒಳಕ್ಕೆ ಒತ್ತುವುದು.

ಇಲ್ಲೇ ಜಾಣತನ ಇರುವುದು. ತೋಡಿನ ಆಳ ಎಲ್ಲ ಕಡೆ ಒಂದೇ ಅಲ್ಲ. ಗಾಡಿ ನೇರ ಹೋಗುವಾಗ ಪಿನ್ ಎಲ್ಲಿರುತ್ತದೋ ಅಲ್ಲಿ ಬೇಕಂತಲೇ ಕಡಿಮೆ ಆಳ ಕೊರೆದಿದ್ದಾರೆ. ಎರಡೂ ತುದಿಗಳ ಕಡೆ ಜಾಸ್ತಿ ಆಳ. ನಾವು ಜಾಸ್ತಿ ಓಡಿಸುವುದು ನೇರಕ್ಕೆ, ಹಾಗಾಗಿ ಸವೆಯುವುದೂ ನಡುವೆಯೇ. ಸವೆದಾಗ ನಡುವೆ ಬಿಗಿ ಮಾಡಿದರೂ ತುದಿಗಳಲ್ಲಿ ಹಿಡಿಯಬಾರದು ಅಂತ ಈ ಏರ್ಪಾಡು. ತಿರುಗಿಸಿದಾಗ ಒಂದಿಷ್ಟು ಆಟ ಇದ್ದರೆ ಅದು ದೋಷವಲ್ಲ, ಮಾಡಿದವರೇ ಇಟ್ಟಿದ್ದು. ಗಾಲಿ ಬಲಕ್ಕಿದ್ದಾಗ ಬಿಗಿದರೆ ಏನಾಗುತ್ತದೆ? ಆಳದ ಜಾಗದಲ್ಲಿ ಪಿನ್ ತಳ ಮುಟ್ಟುತ್ತದೆ. ಆಮೇಲೆ ನೇರಕ್ಕೆ ಬಂದರೆ ತೋಡೇ ಮೇಲೆ ಬಂದಿರುತ್ತದೆ, ಪಿನ್ ಸಿಕ್ಕಿಕೊಳ್ಳುತ್ತದೆ. ಚಾರ್ಮಾಡಿಯಲ್ಲಿ ನನ್ನ ಕೈ ಹಿಡಿದಿದ್ದು ಇದು.

ಸರಿ, ಹಾಗಾದರೆ ನೇರಕ್ಕೆ ಇಟ್ಟು ಬಿಗಿಯೋಣ ಅಂದೆ. ಮೇಸ್ತ್ರಿ ಸ್ಕ್ರೂ ಸಡಿಲ ಬಿಟ್ಟು, "ಬಾಕ್ಸ್ ಹಂಗೇ ಇರ್ಲಿ. ಮೊದ್ಲು ಕೆಳಗೆ ಮಲಗಿ" ಅಂದರು.

ಮಲಗಿದೆ. ಅವರು ಮೇಲೆ ಕೂತು ಸ್ಟೀರಿಂಗ್ ಅನ್ನು ಸುಮ್ನೆ ಆ ಕಡೆ ಈ ಕಡೆ ಒಂದೊಂದು ಇಂಚು ಅಲ್ಲಾಡಿಸುತ್ತಾ ಇದ್ದರು. ನಾನು ಒಂದೊಂದು ಜಾಯಿಂಟ್ ಮೇಲೂ ಬೆರಳು ಇಡಬೇಕು, ನೋಡುವುದಕ್ಕಿಂತ ಮುಟ್ಟಬೇಕು. ಡ್ರಾಪ್ ಆರ್ಮ್ ಆಡುತ್ತಿದೆ, ಅದರಿಂದ ಮುಂದಕ್ಕೆ ಹೋಗುವ ಸರಳು, ಡ್ರ್ಯಾಗ್ ಲಿಂಕ್, ಆಡುತ್ತಿಲ್ಲ. ಅಂದರೆ ಅವೆರಡರ ನಡುವಿನ ಬಾಲ್ ಜಾಯಿಂಟ್ ಸಡಿಲ. ಅಲ್ಲಿಂದ ಮುಂದೆ ಬೆಲ್‌ಕ್ರ್ಯಾಂಕ್. ಮುಂದಿನ ಅಡ್ಡಪಟ್ಟಿಯ ಮೇಲೆ ಒಂದು ಪಿನ್ ಸುತ್ತ ತಿರುಗುವ ತುಂಡು ಅದು. ಅದು ತಿರುಗುವುದರ ಜೊತೆಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಒಳಗಿನ ಸೂಜಿ ಬೇರಿಂಗ್ ಪುಡಿ. ಕೈಗೆ ಬಂದಿದ್ದು ಕೆಂಪು ಮಣ್ಣು, ಹಳೇ ಗ್ರೀಸು, ಸೂಜಿ ಮೊನೆಯಂಥ ಕಬ್ಬಿಣದ ಚೂರು. ಗಾಲಿಗಳ ಕಡೆಗೆ ಹೋಗುವ ಟೈ ರಾಡ್‌ಗಳ ತುದಿ ಜಾಯಿಂಟ್‌ಗಳು ಪರವಾಗಿಲ್ಲ. ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಕಿಂಗ್ ಪಿನ್‌ನ ಬೇರಿಂಗ್ ಒಂದು ಕಡೆ ಸಡಿಲ. ಎಡಗಡೆ ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಕೂಡ ಸವೆದಿತ್ತು.

ಇಷ್ಟೆಲ್ಲ ಸಡಿಲ ಇಟ್ಟುಕೊಂಡು ತಪ್ಪೆಲ್ಲ ಬಾಕ್ಸ್ ಮೇಲೆ ಹೊರಿಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಬೆಲ್‌ಕ್ರ್ಯಾಂಕ್ ಬೇರಿಂಗ್, ಪಿನ್ ಹಾಕಿಸಿ, ಡ್ರ್ಯಾಗ್ ಲಿಂಕ್‌ನ ಸ್ಪ್ರಿಂಗ್ ಬದಲಿಸಿ, ಕಿಂಗ್ ಪಿನ್‌ನ ಶಿಮ್ (ಸಂದು ತುಂಬುವ ತೆಳು ತಗಡು) ಸರಿ ಮಾಡಿ, ಶ್ಯಾಕಲ್ ಬುಷ್ ಹೊಸದು ಹಾಕಿದ ಮೇಲೆ ಮುಕ್ಕಾಲು ಪಾಲು ಆಟ ಹೋಯಿತು. ಬಾಕ್ಸ್‌ನ ಸ್ಕ್ರೂ ಆಗಲೂ ಸಡಿಲವೇ ಇತ್ತು.

ಬಾಕ್ಸ್ ಸರದಿ ಬಂದಿದ್ದು ಮೂರನೇ ವಾರ. ಮೊದಲು ಡ್ರ್ಯಾಗ್ ಲಿಂಕ್ ಅನ್ನು ಡ್ರಾಪ್ ಆರ್ಮ್‌ನಿಂದ ಬಿಚ್ಚಿದೆವು, ಇಲ್ಲದಿದ್ದರೆ ಗಾಲಿಯ ಭಾರದಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ಆಮೇಲೆ ಸ್ಟೀರಿಂಗ್ ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದರು. ಟಕ್ ಟಕ್ ಅಂದಿತು. ಕ್ಯಾಮ್ ತನ್ನ ಎರಡು ಬೇರಿಂಗ್‌ಗಳ ನಡುವೆ ಮೇಲೆ ಕೆಳಗೆ ಜಾರುತ್ತಿತ್ತು. ಈ ಆಟ ಪಕ್ಕದ ಸ್ಕ್ರೂವಿನಿಂದ ಯಾವತ್ತೂ ಹೋಗುವುದಿಲ್ಲ. ಬಾಕ್ಸ್‌ನ ಮೇಲಿನ ಮುಚ್ಚಳದ ಕೆಳಗೆ ತೆಳ್ಳನೆಯ ಶಿಮ್‌ಗಳಿವೆ, 2 ಥೌ, 3 ಥೌ, 10 ಥೌ ದಪ್ಪದವು. ಒಂದು ಥೌ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಮುಚ್ಚಳ ಸಡಿಲಿಸಿ ಒಂದು ಶಿಮ್ ತೆಗೆಯಬೇಕು. ಆದರೆ ನಡುವೆ ಸ್ಟೀರಿಂಗ್ ಕೊಳವೆ ಹಾದುಹೋಗಿದೆಯಲ್ಲ, ಬಳೆಯ ಹಾಗೆ ಸಿಕ್ಕಿಕೊಂಡಿರುತ್ತದೆ. ಮೇಸ್ತ್ರಿ ನಮ್ಮ ಮನೆಯವಳ ಹೊಲಿಗೆ ಕತ್ತರಿ ಕೇಳಿ ಈಸಿಕೊಂಡು, 3 ಥೌದ ಒಂದು ಶಿಮ್ ಕತ್ತರಿಸಿ ಎಳೆದು ತೆಗೆದರು. ಕತ್ತರಿಯ ಕಥೆ ಬೇರೆ, ಅದು ಇಲ್ಲಿ ಬೇಡ.

ಮುಚ್ಚಳ ಬಿಗಿದ ಮೇಲೆ ಸ್ಟೀರಿಂಗ್ ಅನ್ನು ಹೆಬ್ಬೆರಳು ತೋರುಬೆರಳಲ್ಲಿ ಮಾತ್ರ ಹಿಡಿದು ತಿರುಗಿಸಲು ಹೇಳಿದರು. ಒಂದು ಚೂರು ತಡೆ ಗೊತ್ತಾಗಬೇಕು, ಆದರೆ ಎರಡೇ ಬೆರಳಿಗೆ ಸಲೀಸಾಗಿ ತಿರುಗಬೇಕು. ತಿರುಗಿತು.

ಕೊನೆಗೆ ಆ ಸ್ಕ್ರೂ. ನಡು ಎಲ್ಲಿದೆ ಅಂತ ಮೊದಲು ಹುಡುಕಬೇಕು. ನಮ್ಮ ಸ್ಟೀರಿಂಗ್‌ನ ಕಡ್ಡಿ ಎಡಕ್ಕೆ ವಾಲಿದೆ, ಅದನ್ನು ನಂಬಿದರೆ ಕೆಟ್ಟೆವು. ಸ್ಟೀರಿಂಗ್‌ನ ಮೇಲ್ಗಡೆ ಸುಣ್ಣದ ಗೆರೆ ಎಳೆದು, ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ವಾಪಸ್ ಬಂದೆವು. ಅಲ್ಲಿ ಸ್ಕ್ರೂ ಸ್ವಲ್ಪ ಸ್ವಲ್ಪ ಒಳಗೆ. ಪ್ರತಿ ಸಲವೂ ಸ್ಟೀರಿಂಗ್ ಅನ್ನು ನಿಧಾನಕ್ಕೆ ತುದಿಯಿಂದ ತುದಿಗೆ ತಿರುಗಿಸಬೇಕು. ನಡುವೆ ಹಾಯುವಾಗ ಬೆಣ್ಣೆಯಲ್ಲಿ ಚಾಕು ಹೋದಷ್ಟು ತಡೆ ಸಿಕ್ಕಿದರೆ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಚೆಕ್ ನಟ್ ಬಿಗಿಯುವಾಗ ಸ್ಕ್ರೂ ಕೂಡ ಜೊತೆಗೆ ತಿರುಗುತ್ತದೆ, ಹಾಗಾಗಿ ಬಿಗಿದ ಮೇಲೆ ಮತ್ತೊಮ್ಮೆ ನೋಡಬೇಕು. ನಮಗೆ ನಾಲ್ಕು ಸಲ ಆಯಿತು.

ಬಾಕ್ಸ್ ಒಳಗೆ ಗ್ರೀಸ್ ತುಂಬಿದ್ದರು, ಯಾರೋ ಯಾವತ್ತೋ. ಆಯಿಲ್ ಹಾಕಿದರೆ ಸೀಲ್ ಸೋರುತ್ತದೆ ಅಂತ ಎಲ್ಲರೂ ಮಾಡುವ ಕೆಲಸ ಇದು. ಗಟ್ಟಿ ಗ್ರೀಸಿನಲ್ಲಿ ಪಿನ್ ಒಂದು ದಾರಿ ಮಾಡಿಕೊಂಡರೆ ಆಯಿತು, ಆ ದಾರಿಗೆ ಗ್ರೀಸ್ ವಾಪಸ್ ಬರುವುದಿಲ್ಲ. ಪಿನ್ ಒಣಗಿಕೊಂಡೇ ಓಡುತ್ತದೆ. ಸೋರಿದರೆ ಸೋರಲಿ, ಗೇರ್ ಆಯಿಲ್ ಹಾಕಿ, ಆಗಾಗ ತುಂಬಿಸಿ.

"ಝೀರೋ ಪ್ಲೇ" ಅನ್ನುವ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಅರ್ಧ ಶತಮಾನ ಓಡಿದ ಬಾಕ್ಸ್‌ನಲ್ಲಿ ಸೊನ್ನೆ ಮಾಡಲು ಹೊರಟರೆ ಪಿನ್ ತುದಿ ಚಪ್ಪಟೆ ಆಗುತ್ತದೆ, ತೋಡು ಹಾಳಾಗುತ್ತದೆ, ಆಮೇಲೆ ಬಾಕ್ಸೇ ಬದಲಿಸಬೇಕು. ಇನ್ನು ಕೆಲವರು ಕೆಳಗಿನದ್ದು ಒಂದನ್ನೂ ಮುಟ್ಟದೆ ಬೇರೆ ಗಾಡಿಯ ಪವರ್ ಸ್ಟೀರಿಂಗ್ ತಂದು ವೆಲ್ಡ್ ಮಾಡಿಸುತ್ತಾರೆ. ಸಡಿಲ ಬೆಲ್‌ಕ್ರ್ಯಾಂಕ್‌ಗೆ ಪವರ್ ಕೊಟ್ಟರೆ ಬಲವಾಗಿ ಅಲ್ಲಾಡುತ್ತದೆ, ಅಷ್ಟೇ. ಅಂಬಾಸಿಡರ್‌ನವರು ಇಲ್ಲಿ ಬಂದು ನಗಬೇಡಿ. ನಿಮ್ಮದು ರ‍್ಯಾಕ್ ಅಂಡ್ ಪಿನಿಯನ್, ಈ ಬಾಕ್ಸ್‌ನ ತಾಪತ್ರಯವೇ ಇಲ್ಲ. ಫಿಯಟ್‌ನವರು ಮಾತ್ರ ನಮ್ಮ ನೆಂಟರು.

50 ವರ್ಷ ದಾಟಿದೆಯಲ್ಲ, ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸು ಅನ್ನುತ್ತಾರೆ ಗೆಳೆಯರು. 2021ರ ನಿಯಮದ ಪ್ರಕಾರ ನಂಬರಿನಲ್ಲಿ 'ವಿಎ' ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಹಾಗೆ ಮಾಡಿಸಿದರೆ ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಗೊಬ್ಬರದ ಮೂಟೆ ನಾನು ಯಾವುದರಲ್ಲಿ ತರಲಿ?

ಕಳೆದ ವಾರ ಮತ್ತೆ ಚಾರ್ಮಾಡಿ ಇಳಿದೆ. ಸ್ಟೀರಿಂಗ್ ಅಂಚಿನಲ್ಲಿ ಇನ್ನೂ ಒಂದು ಇಂಚು ಆಟ ಇದೆ. ತಿರುವು ಮುಗಿದ ಮೇಲೆ ಅಂಗೈಯೊಳಗೇ ಜಾರಿಕೊಂಡು ನೇರಕ್ಕೆ ಬರುತ್ತದೆ. ಕಡ್ಡಿ ಮಾತ್ರ ಎಡಕ್ಕೇ ವಾಲಿದೆ. ಸ್ಟೀರಿಂಗ್ ಬಿಚ್ಚಿ ಒಂದು ಹಲ್ಲು ಸರಿಸಿ ಕೂರಿಸಿದರೆ ಆಯಿತು, ಐದು ನಿಮಿಷದ ಕೆಲಸ. ಸ್ಟೀರಿಂಗ್ ಎಳೆದು ಬಿಚ್ಚುವ ಪುಲ್ಲರ್ ಚಿಕ್ಕಪ್ಪನ ಮನೆಯಲ್ಲಿದೆ. ಕೇಳಲು ಹೋದರೆ ಅವರ ಜೀಪಿನ ಬಾಕ್ಸ್ ನೋಡು ಅನ್ನುತ್ತಾರೆ.